ಎರಡು ಸಲ ತಿರುಗಿದ ಶುಭಮಸ್ತು

ಅಳಿಯ ಬರುವ ಸದ್ದಾದರೆ ಸಾಕು, ಮುನಿಸ್ವಾಮಿ ಬನಿಯನ್ ಮೇಲೆ ಒಂದು ಶರ್ಟು ಸಿಕ್ಕಿಸಿಕೊಳ್ಳುತ್ತಿದ್ದ. ಮಗ್ಗದ ಮುಂದೆ ಬೆವರು ಸುರಿಸಿಕೊಂಡು ನಿಂತ ಮನುಷ್ಯನಿಗೆ ಶರ್ಟು ಯಾಕೆ ಬೇಕು? ಬೇಕು, ಅಳಿಯ ಬಂದಿದ್ದಾನಲ್ಲ. ಅಳಿಯ ಕೂರುವ ತನಕ ಮಾವ ಕೂರುವುದಿಲ್ಲ, ಅಳಿಯನ ತಟ್ಟೆಗೆ ಬಿದ್ದ ಮೇಲೆಯೇ ಮಿಕ್ಕವರ ತಟ್ಟೆಗೆ ಅನ್ನ, ಅಳಿಯ ಹೇಳಿದ್ದಕ್ಕೆ ಎದುರು ಮಾತಿಲ್ಲ. ಅಳಿಯ ಚೌಡೇಶನೇನೂ ಇದನ್ನೆಲ್ಲ ಕೇಳಿ ಪಡೆದವನಲ್ಲ. ಬೇಡ ಎಂದವನೂ ಅಲ್ಲ. ಮದುವೆಯಾದ ಹೊಸದರಲ್ಲಿ ಮಗಳು ಅರುಣಾಗೆ ಅಪ್ಪನ ಈ ಮರ್ಯಾದೆ ಚೆಂದ ಅನ್ನಿಸಿತ್ತು. ಬರಬರುತ್ತಾ ರೇಗತೊಡಗಿತು. ಬೋರ್ಡಿನ ಪ್ರಸಂಗ ಆದ ಮೇಲಂತೂ ಅಪ್ಪ ಶರ್ಟಿನ ಗುಂಡಿ ಹಾಕಿಕೊಳ್ಳುವುದನ್ನು ಕಂಡರೆ ಅವಳು ಎದ್ದು ಆಚೆ ಹೋಗುತ್ತಿದ್ದಳು.

ಬೋರ್ಡು ಚೌಡೇಶನದು. ಅವನು ದೇವನಹಳ್ಳಿ ಕಡೆಯವನು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ದೊಡ್ಡಬಳ್ಳಾಪುರದಲ್ಲಿ ಮಾವನ ಮನೆಯ ಹಿಂದಿನ ಬೀದಿಯಲ್ಲೇ ಬಾಡಿಗೆ ಮನೆ ಮಾಡಿಕೊಂಡು, ಬೆಳಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತಿದ್ದ. ತೊಂಬತ್ತೆರಡನೇ ಇಸವಿ. ಕಂಪ್ಯೂಟರ್ ಅನ್ನುವುದನ್ನು ಊರಿನಲ್ಲಿ ಬ್ಯಾಂಕಿನವರು ಕೂಡ ಇನ್ನೂ ನೋಡಿರಲಿಲ್ಲ. ಅಂಥ ಕಾಲದಲ್ಲಿ ಈತ ಮಾವನ ಪವರ್‌ಲೂಮಿಗೆ ಕಂಪ್ಯೂಟರ್ ಕೂರಿಸುತ್ತೇನೆ ಎಂದು ಹೊರಟ.

ಸೀರೆಯಲ್ಲಿ ಹೂವು ಮೂಡಿಸುವುದು ಮಗ್ಗದ ನೆತ್ತಿಯ ಮೇಲೆ ಕೂರುವ ಜಕಾರ್ಡು ಪೆಟ್ಟಿಗೆ. ತೂತು ಹೊಡೆದ ರಟ್ಟುಗಳ ಮಾಲೆ ಅದರಲ್ಲಿ ಸುತ್ತುತ್ತದೆ. ರಟ್ಟಿನಲ್ಲಿ ತೂತಿದ್ದ ಕಡೆ ಕೊಕ್ಕೆ ಎದ್ದು ಎಳೆಯನ್ನು ಎತ್ತುತ್ತದೆ, ತೂತಿಲ್ಲದ ಕಡೆ ಸುಮ್ಮನಿರುತ್ತದೆ. ಚೌಡೇಶ ಒಂದು ಮಗ್ಗದ ರಟ್ಟುಗಳನ್ನು ಕಿತ್ತು ಹಾಕಿ, ಕೊಕ್ಕೆಗೊಂದರಂತೆ ಸಣ್ಣ ಮ್ಯಾಗ್ನೆಟ್ಟು ಜೋಡಿಸಿದ. ಅವುಗಳಿಗೆಲ್ಲ ಆಜ್ಞೆ ಕೊಡುವುದಕ್ಕೆ ಊಟದ ತಟ್ಟೆಯಷ್ಟಗಲದ ಒಂದು ಸಿಂಗಲ್ ಬೋರ್ಡ್ ಕಂಪ್ಯೂಟರ್. ಅದಕ್ಕೆ ಟೀವಿಯಂಥ ಪರದೆ ಇರಲಿಲ್ಲ. ಕ್ಯಾಲ್ಕುಲೇಟರಿನಂಥ ಗುಂಡಿಗಳು, ಕೆಂಪಗೆ ಹೊಳೆಯುವ ಅಂಕಿಗಳು, ಅಷ್ಟೆ. ಬೋರ್ಡಿನ ಪಿನ್ನುಗಳಿಂದ ಮ್ಯಾಗ್ನೆಟ್ಟಿಗೆ ಅಗಲವಾದ ಪಟ್ಟಿ ವೈರು ಹೋಗಿತ್ತು. ಯಾವ ಪಿನ್ನು ಯಾವ ಕೊಕ್ಕೆಯನ್ನು ಎತ್ತಬೇಕು ಎಂದು ಹೇಳುವ ಪ್ರೋಗ್ರಾಮಿನ ತುಂಡಿಗೆ ಅವನು ಡ್ರೈವರ್ ಅನ್ನುತ್ತಿದ್ದ. ಅದನ್ನು ಕೇಳಿ ಅರುಣಾಳ ತಾಯಿ ನಾಗಲಕ್ಷ್ಮಮ್ಮ, ಮಗ್ಗ ಓಡಿಸಲು ಡ್ರೈವರ್ ಯಾಕಪ್ಪಾ, ಇದೇನು ಲಾರಿಯೇ ಎಂದು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿದ್ದಳು.

ಇನ್ನು ಅರುಣಾಳ ಕೆಲಸ ಗ್ರಾಫು. ಸೀರೆಯ ಮೇಲೆ ಮೂಡುವ ಹೂವು, ಮಾವಿನಕಾಯಿ, ನವಿಲು ಎಲ್ಲವೂ ಮೊದಲು ಚೌಕಳಿ ಕಾಗದದ ಮೇಲೆ ಮೂಡಬೇಕು. ಒಂದು ಚೌಕ ಎಂದರೆ ಒಂದು ಎಳೆ. ಲಂಗ ಹಾಕುವ ವಯಸ್ಸಿನಿಂದಲೂ ಅವಳು ಪೆನ್ಸಿಲ್ ಹಿಡಿದು ಆ ಚೌಕಗಳನ್ನು ತುಂಬಿದವಳು. ಅವಳ ಗ್ರಾಫಿನಲ್ಲಿ ಒಂದು ಚೌಕ ಅತ್ತಿತ್ತ ಆಯಿತು ಎಂದು ಯಾರೂ ಹೇಳಿದ್ದಿಲ್ಲ. ಅಪ್ಪನ ಮಗ್ಗಕ್ಕಷ್ಟೇ ಅಲ್ಲ, ಸೀರೆ ವ್ಯಾಪಾರಿ ರಾಜೇಂದ್ರ ಬೇರೆಯವರ ಮಗ್ಗಕ್ಕೂ ಅವಳ ಕೈಯಿಂದಲೇ ಬರೆಸುತ್ತಿದ್ದ. ಓದು ಪಿಯುಸಿಗೇ ನಿಂತಿತು, ಮದುವೆಯಾಯಿತು, ಆದರೆ ಗ್ರಾಫು ಮಾತ್ರ ಕೈ ಬಿಡಲಿಲ್ಲ. ತನ್ನದು ಅಂತ ಅವಳಿಗಿದ್ದದ್ದು ಅದೊಂದೇ. ಬೋರ್ಡು ಬಂದ ಮೇಲೆ ತನ್ನ ಚೌಕಗಳನ್ನು ಅಂಕಿಯಾಗಿ ಮಾಡಿ ಗುಂಡಿ ಒತ್ತಿ ತುಂಬುವುದನ್ನೂ ಕಲಿತಳು. ಡ್ರೈವರಿನ ತಂಟೆಗೆ ಮಾತ್ರ ಬರಬೇಡ ಎಂದು ಗಂಡ ಹೇಳಿದ್ದ. ಅವಳು ಹೋಗಿರಲಿಲ್ಲ.

ಮಾವಿನಕಾಯಿ, ಹೂವು, ನವಿಲು ಇದ್ದಷ್ಟು ದಿನ ಎಲ್ಲ ಸಲೀಸಾಗಿತ್ತು. ನವಿಲು ಯಾವ ಕಡೆ ಮುಖ ಮಾಡಿದರೂ ನವಿಲೇ. ಬೀದಿಯವರೆಲ್ಲ ಬಂದು ರಟ್ಟಿಲ್ಲದ ಜಕಾರ್ಡನ್ನು ನೋಡಿ ಹೋದರು. ಮುನಿಸ್ವಾಮಿ ಬಂದವರಿಗೆಲ್ಲ ನಮ್ಮ ಅಳಿಯಂದಿರು ನಮ್ಮ ಅಳಿಯಂದಿರು ಎಂದು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡ. ಆಗ ರಾಜೇಂದ್ರ ಒಂದು ಹೊಸ ಕೆಲಸ ತಂದ. ಮದುವೆ ಸೀರೆಗಳ ಸೆರಗಿನಲ್ಲಿ ಜರಿಯಿಂದ ಅಕ್ಷರ ಬರಬೇಕು. ಮೊದಲು ಶುಭಮಸ್ತು ಎಂದು, ಅದು ಒಪ್ಪಿಗೆಯಾದರೆ ಹೆಣ್ಣು ಗಂಡಿನ ಹೆಸರು ಕೂಡ. ರಟ್ಟು ಹೊಡೆಸಿ ಒಂದೊಂದು ಮದುವೆಗೂ ಒಂದೊಂದು ಹೆಸರು ನೇಯುವುದು ಆಗದ ಮಾತು. ಈ ಬೋರ್ಡಿನಲ್ಲಾದರೆ ಆಗುತ್ತದೆ. ಹೆಸರು ಬದಲಾದಾಗೆಲ್ಲ ಅರುಣಾ ಹೊಸ ಗ್ರಾಫು ಬರೆದುಕೊಟ್ಟರೆ ಮುಗಿಯಿತು. ಮಾದರಿಗೆ ಒಂದು ಸೆರಗು ನೇಯ್ದು ತೋರಿಸಿ ಎಂದು ಹೇಳಿ ಅವನು ಹೋದ.

ಸೀರೆಯನ್ನು ಈ ಮಗ್ಗದಲ್ಲಿ ಮುಖ ಕೆಳಗೆ ಮಾಡಿ ನೇಯುತ್ತಾರೆ. ಮೇಲೆ ಕಾಣುವುದು ಬೆನ್ನು, ಅಲ್ಲಿ ಜರಿಯ ಎಳೆಗಳು ಅಡ್ಡಾದಿಡ್ಡಿ ಹಾಯ್ದು ಒಂದೂ ಅರ್ಥವಾಗುವುದಿಲ್ಲ. ಮುಖದ ಕಡೆ ಎಳೆ ತುಂಡಾಗಿದೆಯೇ ಎಂದು ನೋಡಲು ನೇಯುವವರು ಬಟ್ಟೆಯ ಅಡಿಗೆ ಒಂದು ಸಣ್ಣ ಕನ್ನಡಿ ಹಿಡಿಯುತ್ತಾರೆ. ಮುನಿಸ್ವಾಮಿಯೂ ಹಿಡಿದ. ಕನ್ನಡಿಯಲ್ಲಿ ಶುಭಮಸ್ತು ಮುತ್ತು ಪೋಣಿಸಿದಂತೆ ಕಂಡಿತು. ಅಳಿಯನಿಗೆ ತೋರಿಸಿದ, ಹೆಂಡತಿಗೆ ತೋರಿಸಿದ, ಅರುಣಾಗೂ ತೋರಿಸಿದ. ಎಲ್ಲರೂ ಓದಿ ಸಂತೋಷಪಟ್ಟರು. ಕನ್ನಡಿ ಅಕ್ಷರವನ್ನು ತಿರುಗಿಸಿ ತೋರಿಸುತ್ತದೆ, ಆದ್ದರಿಂದ ಕನ್ನಡಿಯಲ್ಲಿ ಸರಿಯಾಗಿ ಕಂಡ ಅಕ್ಷರ ಬಟ್ಟೆಯ ಮೇಲೆ ತಿರುಗಿಯೇ ಇರಬೇಕು ಎಂದು ಹೂವು ನೇಯ್ದು ಪಳಗಿದ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಸೆರಗು ಕತ್ತರಿಸಿ ರಾಜೇಂದ್ರನ ಮುಂದೆ ಹಾಸಿದಾಗ ಅಕ್ಷರಗಳು ಬಲದಿಂದ ಎಡಕ್ಕೆ ಹೊರಟಿದ್ದವು. ಒಂದೊಂದೂ ಬೆನ್ನು ತಿರುಗಿಸಿಕೊಂಡು ಕೂತಿತ್ತು. ರಾಜೇಂದ್ರ ನಕ್ಕು, ಇದನ್ನು ಉಟ್ಟ ಹೆಣ್ಣು ಕನ್ನಡಿ ಮುಂದೆಯೇ ಮದುವೆಯಾಗಬೇಕಾಗುತ್ತೆ ಎಂದ. ಅವನ ನಗುವಿನಲ್ಲಿ ವಿಷವಿರಲಿಲ್ಲ. ಸರಿ ಮಾಡಿ ತೋರಿಸಿ, ಆಮೇಲೆ ಬರುತ್ತೇನೆ ಎಂದು ಎದ್ದ.

ಇದು ಒಂದು ನಿಮಿಷದ ಕೆಲಸ. ಗ್ರಾಫಿನ ಎಡಗಡೆಯ ಚೌಕವನ್ನು ಚೌಡೇಶ ಮಗ್ಗದ ಎಡಗಡೆಯ ಕೊಕ್ಕೆಗೆ ಕೊಟ್ಟಿದ್ದ. ಮುಖ ಕೆಳಗೆ ಮಾಡಿ ನೇಯುವುದರಿಂದ ಅದು ಬಲಗಡೆಗೆ ಹೋಗಬೇಕಿತ್ತು. ಡ್ರೈವರಿನಲ್ಲಿ ಪಿನ್ನುಗಳ ದಿಕ್ಕು ಹೇಳುವ ಒಂದು ಅಂಕಿ ಇತ್ತು. ಸೊನ್ನೆಯನ್ನು ಒಂದು ಮಾಡಿದ್ದರೆ ಎಲ್ಲ ತಿರುಗುತ್ತಿತ್ತು. ಇಲ್ಲವೇ ಪಟ್ಟಿ ವೈರನ್ನು ಕಿತ್ತು ತಲೆಕೆಳಗು ಮಾಡಿ ಚುಚ್ಚಿದ್ದರೂ ಆಗುತ್ತಿತ್ತು. ಎರಡರಲ್ಲಿ ಒಂದು ಸಾಕು. ಮಾವ, ನಾನು ತಪ್ಪು ಮಾಡಿದೆ ಎಂದು ಅಳಿಯ ಹೇಳಿದ್ದರೆ ಅಥವಾ ಅಳಿಯಂದಿರೇ, ಇದು ತಿರುಗಬೇಕಿತ್ತು ಎಂದು ಮಾವ ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಇಬ್ಬರೂ ತುಟಿ ಬಿಚ್ಚಲಿಲ್ಲ. ಊಟಕ್ಕೆ ಕೂತು ಮಳೆ, ಬಸ್ಸು, ಕರೆಂಟು ಅಂತ ಊರ ಮೇಲಿನ ಮಾತಾಡಿದರು. ಅರುಣಾ ಬಡಿಸುತ್ತಾ ಇವರು ಯಾವಾಗ ವಿಷಯಕ್ಕೆ ಬರುತ್ತಾರೆ ಎಂದು ಕಾದಳು. ಬರಲಿಲ್ಲ.

ಎರಡನೆಯ ಸೆರಗು ನೇಯುವಾಗ ಮುನಿಸ್ವಾಮಿ ಕನ್ನಡಿಯನ್ನು ನಂಬಬಾರದು ಎಂದು ಎತ್ತಿಟ್ಟಿದ್ದ. ಏನೋ ಗೊತ್ತಿದ್ದವನ ಧೈರ್ಯದಿಂದ ನೇಯ್ದ. ಚೌಡೇಶನ ಮುಖದಲ್ಲೂ ಅದೇ ಧೈರ್ಯ. ಕತ್ತರಿಸಿ ಹಾಸಿದರೆ ಅಕ್ಷರಗಳು ಹಾಗೇ ಬೆನ್ನು ತಿರುಗಿಸಿಕೊಂಡಿದ್ದವು. ಆಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನೋಡಿ ಇಬ್ಬರೂ ಒಟ್ಟಿಗೆ ಅರುಣಾಳ ಕಡೆ ತಿರುಗಿದರು. ಆ ತಿರುಗಿದ ರೀತಿಯನ್ನು ಅವಳು ಮುಂದೆ ಎಷ್ಟೋ ವರ್ಷ ಮರೆಯಲಿಲ್ಲ.

ಗ್ರಾಫು ಒಂದ್ಸಲ ನೋಡೋಣ ಎಂದು ಚೌಡೇಶ ಮೆಲ್ಲಗೆ ಅಂದ. ಅದನ್ನೇ ಹೇಳಬೇಕು ಅಂತಿದ್ದೆ ಎಂದು ಮುನಿಸ್ವಾಮಿ ತಕ್ಷಣ ಸೇರಿಸಿದ. ಗ್ರಾಫಿನಲ್ಲಿ ಶುಭಮಸ್ತು ಎಲ್ಲರೂ ಓದುವ ಹಾಗೆ ನೆಟ್ಟಗೆ ಇತ್ತು. ಅವಳು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಗ್ರಾಫು ಬರೆಯುವುದೇ ಹಾಗೆ, ಹಾಳೆಯಲ್ಲಿ ನೆಟ್ಟಗೆ ಬರೆದದ್ದನ್ನು ರಟ್ಟು ಕಟ್ಟುವವರು ತಿರುಗಿಸಿಕೊಳ್ಳುತ್ತಿದ್ದರು. ಅದು ಅಪ್ಪನಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಅವನು ಹಾಳೆಯನ್ನು ಬೆಳಕಿಗೆ ಹಿಡಿದು, ತಲೆಯಾಡಿಸಿ, ಇದನ್ನು ಉಲ್ಟಾ ಬರೆಯಬೇಕಿತ್ತು ಕಣಮ್ಮ ಎಂದ. ಅರುಣಾ ವಾದಿಸಿದಳು. ಹುಡುಗಿಗೆ ಗಾಬರಿ, ಮೊದಲ ಸಲ ಅಕ್ಷರ ಬರೆದಿದ್ದಾಳೆ ಎಂದು ಗಂಡ ಮಾವನ ಮುಂದೆ ಅವಳ ಪರವಾಗಿ ಮಾತಾಡಿದ. ಆ ಪರವಹಿಸಿದ ಮಾತು ಅವಳಿಗೆ ಬೈದದ್ದಕ್ಕಿಂತ ಕಹಿಯಾಗಿತ್ತು.

ಕೊನೆಗೆ ಬೇಸತ್ತು ಎಲ್ಲ ಅಕ್ಷರಗಳನ್ನೂ ತಿರುಗಿಸಿ ಹೊಸ ಗ್ರಾಫು ಬರೆದಳು. ಒಂದೊಂದು ಚೌಕ ತುಂಬುವಾಗಲೂ ಸರಿಯಾದದ್ದನ್ನು ಕೆಡಿಸುತ್ತಿದ್ದೇನೆ ಎಂಬ ಅಸಹ್ಯ. ಅಂಕಿ ಮಾಡಿ ಬೋರ್ಡಿಗೆ ತುಂಬಿದಳು. ಮೂರನೆಯ ಸೆರಗು ನೇಯ್ದಾಯಿತು. ಕತ್ತರಿಸಿದರೆ ಮತ್ತೆ ಉಲ್ಟಾ.

ಈಗಂತೂ ಇಬ್ಬರಿಗೂ ಸಂಶಯವೇ ಉಳಿಯಲಿಲ್ಲ. ನೆಟ್ಟಗೆ ಬರೆದರೂ ತಪ್ಪು, ತಿರುಗಿಸಿ ಬರೆದರೂ ತಪ್ಪು, ಅಂದ ಮೇಲೆ ಬರೆಯುವವಳದೇ ತಪ್ಪು. ರಾಜೇಂದ್ರ ಬಂದಾಗ ಮುನಿಸ್ವಾಮಿ ಮಗಳನ್ನು ಬಿಟ್ಟುಕೊಡದವನ ಹಾಗೆ ಮೆತ್ತಗೆ, ಅವಳ ಕೈ ಯಾಕೋ ಈಚೆಗೆ ಕೂಡಿಬರ್ತಿಲ್ಲ ಎಂದ. ಅಳಿಯ ನೆಲ ನೋಡುತ್ತಾ ಹೂಂಗುಟ್ಟಿದ. ರಾಜೇಂದ್ರ ಒಳ್ಳೆಯವನು, ದನಿ ಏರಿಸಲಿಲ್ಲ. ಬೆಂಗಳೂರಿನಲ್ಲಿ ಡಿಸೈನ್ ಮಾಡುವ ಒಬ್ಬನಿದ್ದಾನೆ, ಇನ್ನು ಮುಂದೆ ಗ್ರಾಫೆಲ್ಲ ಅವನ ಹತ್ತಿರವೇ ಮಾಡಿಸುತ್ತೇನೆ, ನಿಮ್ಮ ಮಗ್ಗದ್ದೂ, ಬೇರೆಯವರದ್ದೂ ಎಂದ. ಕೊನೆಯ ಒಂದು ಸಲ ನೋಡಿ, ಶುಕ್ರವಾರ ಬರುತ್ತೇನೆ ಎಂದು ಹೇಳಿಹೋದ.

ಅರುಣಾ ಅಂದು ಊಟ ಮಾಡಲಿಲ್ಲ. ಇಷ್ಟು ವರ್ಷ ಬೆರಳು ನೋಯಿಸಿಕೊಂಡು ಗಳಿಸಿದ ಹೆಸರು ಇಬ್ಬರು ಗಂಡಸರ ಹೂಂಗುಟ್ಟುವಿಕೆಯಲ್ಲಿ ಹೋಗಿಬಿಟ್ಟಿತ್ತು. ನಾಗಲಕ್ಷ್ಮಮ್ಮ ತಟ್ಟೆ ಹಿಡಿದು ಬಂದು, ಹೋಗಲಿ ಬಿಡು, ತಪ್ಪಾಯ್ತು ಅಂತ ಅಂದುಬಿಟ್ಟರೆ ನಿನ್ನದೇನು ಗಂಟು ಹೋಗುತ್ತೆ ಎಂದಳು. ಅರುಣಾ ತಾಯಿಯ ಮುಖವನ್ನು ದಿಟ್ಟಿಸಿ ನೋಡಿದಳು. ಅದರಲ್ಲಿ ಏನೋ ಗೊತ್ತಿದ್ದು ಬಚ್ಚಿಟ್ಟುಕೊಂಡ ಕಳೆ ಇತ್ತು. ಆಗ ಅವಳಿಗೆ ಅದು ಅರ್ಥವಾಗಲಿಲ್ಲ.

ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜೆ. ಬೀದಿಯೆಲ್ಲ ಬಿಕೋ ಎನ್ನುತ್ತಿರುತ್ತದೆ, ದಿನವೂ ಕಿವಿಗೆ ಬಡಿಯುವ ಸದ್ದಿಲ್ಲದೆ ಮಾತಾಡುವವರು ತಮ್ಮ ದನಿಗೆ ತಾವೇ ಬೆಚ್ಚುತ್ತಾರೆ. ಅಪ್ಪ ತೂಬಗೆರೆಯ ನೆಂಟರ ಮನೆಗೆ ಹೋಗಿದ್ದ, ಚೌಡೇಶ ಕೆಲಸಕ್ಕೆ ಹೋಗಿದ್ದ. ಅರುಣಾ ಮಗ್ಗದ ಮನೆಯ ಬಾಗಿಲು ತೆಗೆದು ಬೋರ್ಡಿನ ಮುಂದೆ ಕೂತಳು. ಅಕ್ಷರ, ಹೂವು ಎಲ್ಲ ಅಳಿಸಿದಳು. ಗ್ರಾಫಿನ ಎಡತುದಿಯ ಒಂದೇ ಒಂದು ಚೌಕವನ್ನು ತುಂಬಿದಳು, ಮಿಕ್ಕದ್ದೆಲ್ಲ ಖಾಲಿ. ಇದರಲ್ಲಿ ಅವಳ ಕೈ ತಪ್ಪುವುದಕ್ಕೆ ಜಾಗವೇ ಇರಲಿಲ್ಲ. ಬೋರ್ಡಿಗೆ ಕರೆಂಟು ಕೊಟ್ಟು, ಮಗ್ಗದ ಚಕ್ರವನ್ನು ಕೈಯಿಂದಲೇ ತಿರುಗಿಸಿದಳು. ತಲೆಯ ಮೇಲೆ ಟಕ್ ಎಂದು ಒಂದು ಕೊಕ್ಕೆ ಎದ್ದಿತು. ಎದ್ದದ್ದು ಬಲತುದಿಯಲ್ಲಿ.

ಅಂದರೆ ಮಗ್ಗ ಈಗಾಗಲೇ ತಿರುಗಿದೆ. ನೆಟ್ಟಗಿದ್ದ ಹಳೆಯ ಗ್ರಾಫು ಹಾಕಿದರೆ ಅಕ್ಷರ ಸರಿಯಾಗಿಯೇ ಬರಬೇಕು. ಯಾರು ತಿರುಗಿಸಿದರು? ಡ್ರೈವರಿನ ಅಂಕಿ ನೋಡಿದಳು. ಬೇಡ ಎಂದಿದ್ದ ಗಂಡನ ಮಾತು ನೆನಪಾದರೂ ನೋಡಿದಳು. ಅಲ್ಲಿ ಸೊನ್ನೆಯೇ ಇತ್ತು. ಅಲ್ಲಿಗೆ ಉಳಿದದ್ದು ಪಟ್ಟಿ ವೈರು. ಆ ವೈರಿನ ಒಂದು ಅಂಚು ಕೆಂಪು, ಕೆಂಪು ಯಾವಾಗಲೂ ಬಾಗಿಲ ಕಡೆ ಇರಬೇಕು ಎಂದು ಕೂರಿಸಿದ ದಿನ ಚೌಡೇಶ ಎಲ್ಲರಿಗೂ ಹೇಳಿದ್ದ. ಈಗ ಕೆಂಪು ಗೋಡೆಯ ಕಡೆ ಇತ್ತು. ಆ ಪಟ್ಟಿಯಲ್ಲಿ ಹೋಗುತ್ತಿದ್ದದ್ದು ಆಜ್ಞೆ ಮಾತ್ರ, ಮ್ಯಾಗ್ನೆಟ್ಟಿಗೆ ಕರೆಂಟು ಬೇರೆ ತಂತಿಯಲ್ಲಿ. ಹಾಗಾಗಿ ತಲೆಕೆಳಗು ಚುಚ್ಚಿದರೂ ಏನೂ ಸುಟ್ಟುಹೋಗಿರಲಿಲ್ಲ. ಸುಟ್ಟಿದ್ದರೆ ಚೆನ್ನಾಗಿತ್ತು, ಅಂದೇ ಬಯಲಾಗುತ್ತಿತ್ತು.

ಬಾಗಿಲಲ್ಲಿ ತಾಯಿ ನಿಂತಿದ್ದಳು. ಮಗಳ ಕೈಯಲ್ಲಿ ಆ ವೈರು ನೋಡಿದ್ದೇ ಅವಳ ಬಣ್ಣ ಇಳಿಯಿತು.

"ಅಮ್ಮ, ಇದನ್ನ ಯಾರು ತಿರುಗ್ಸಿದ್ದು?"

"ನಿಮ್ಮಪ್ಪ," ಎಂದಳು ನಾಗಲಕ್ಷ್ಮಮ್ಮ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನ್ನಿಸಿರಬೇಕು, ಕೂತು ಎಲ್ಲ ಹೇಳಿದಳು. ಮೊದಲ ಸೆರಗು ಕೆಟ್ಟ ಮಾರನೆಯ ಬೆಳಗ್ಗೆಯೇ, ಅಳಿಯ ಬಸ್ಸಿಗೆ ಹೋದದ್ದನ್ನು ನೋಡಿಕೊಂಡು ಬಂದು ಅಪ್ಪ ವೈರು ಕಿತ್ತು ತಿರುಗಿಸಿ ಚುಚ್ಚಿದ್ದ. ಅಳಿಯಂದಿರಿಗೆ ನಾಚಿಕೆಯಾಗಬಾರದು, ಅವರಿಗೆ ಗೊತ್ತಾಗದ ಹಾಗೆ ಸರಿಹೋಗಲಿ ಎಂದಿದ್ದ. ಯಾರಿಗೂ ಹೇಳಬೇಡ ಎಂದೂ ಹೇಳಿದ್ದ. ಹಾಗಾದರೆ ನನ್ನ ಗ್ರಾಫು ತಪ್ಪು ಅಂತ ಎಲ್ಲರೂ ಅಂದಾಗ ನೀನು ಯಾಕೆ ಸುಮ್ಮನಿದ್ದೆ ಎಂದು ಅರುಣಾ ಕೇಳಿದಳು. ನಾಗಲಕ್ಷ್ಮಮ್ಮನಿಗೆ ಕೋಪ ಬಂದರೆ ತೆಲುಗು ಬರುತ್ತಿತ್ತು. ತೆಲುಗಿನಲ್ಲೇ ಅವಳು, ಅಳಿಯನ ಮಾನ ದೊಡ್ಡದೋ ನಿನ್ನ ಕಾಗದ ದೊಡ್ಡದೋ ಎಂದು ಕೇಳಿ ಎದ್ದುಹೋದಳು.

ಸಂಜೆ ಚೌಡೇಶ ಬಂದ. ಅರುಣಾ ಅವನಿಗೆ ತಟ್ಟೆ ಹಾಕಿ, ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೆ ಕೂತು, ಡ್ರೈವರಿನ ಅಂಕಿಯನ್ನು ನೀವು ಮುಟ್ಟಿದ್ದಿರಾ ಎಂದು ಕೇಳಿದಳು. ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. ಹೌದು, ಮೊದಲ ಸೆರಗು ಕೆಟ್ಟ ಸಂಜೆಯೇ ಸೊನ್ನೆಯನ್ನು ಒಂದು ಮಾಡಿದ್ದೆ, ಅದರಿಂದ ಏನೂ ಉಪಯೋಗ ಆಗಲಿಲ್ಲವಲ್ಲ, ಅದಕ್ಕೆ ನೀನು ತಿರುಗಿಸಿ ಬರೆಯಲು ಕೂತ ಮೇಲೆ ಮತ್ತೆ ಸೊನ್ನೆ ಮಾಡಿಬಿಟ್ಟೆ ಎಂದ. ಅರುಣಾಗೆ ಎಲ್ಲ ಬಿಡಿಬಿಡಿಯಾಗಿ ಕಂಡಿತು. ಎರಡನೆಯ ಸೆರಗಿಗೆ ಅಳಿಯ ಸಂಜೆ ಅಂಕಿ ತಿರುಗಿಸಿದ, ಮಾವ ಬೆಳಗ್ಗೆ ವೈರು ತಿರುಗಿಸಿದ, ಎರಡು ಸಲ ತಿರುಗಿ ಮೊದಲಿದ್ದ ಕಡೆಗೇ ಬಂದು ನಿಂತಿತು. ಮೂರನೆಯದಕ್ಕೆ ಅಳಿಯ ಅಂಕಿಯನ್ನು ಹಿಂದಕ್ಕೆ ಇಟ್ಟ, ಮಾವ ವೈರನ್ನು ಹಾಗೇ ಬಿಟ್ಟ, ತಾನು ಗ್ರಾಫು ತಿರುಗಿಸಿದಳು, ಮತ್ತೆ ಎರಡು ಸಲ. ತಾವು ತಾವು ಮಾಡಿದ್ದು ಫಲಿಸಲಿಲ್ಲ ಎಂದು ಗಂಡಸರಿಬ್ಬರಿಗೂ ಗೊತ್ತಿತ್ತು. ಏನು ಮಾಡಿದೆ ಎಂದು ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ಕದ್ದು ಸರಿಮಾಡಿದ ಕೆಲಸ ಕೆಟ್ಟಾಗ ಹೊಣೆ ಹೊರಲು ಮೂರನೆಯವಳು ಒಬ್ಬಳು ಬೇಕಾಗಿತ್ತು.

"ಅಪ್ಪ ವೈರು ತಿರುಗ್ಸಿದ್ರು. ನೀವು ನಂಬರ್ ತಿರುಗ್ಸಿದ್ರಿ. ನನ್ ಗ್ರಾಫಲ್ಲಿ ಏನೂ ತಪ್ಪಿರ್ಲಿಲ್ಲ," ಎಂದಳು.

ಚೌಡೇಶನ ಕೈ ಈಗ ನಿಂತಿತು. ಅವನಿಗೆ ಅರ್ಥವಾಯಿತು, ಅವನೇನು ದಡ್ಡನಲ್ಲ. ಮುಖದ ಮೇಲೆ ನಗು ಕೂಡ ಬಂತು, ಒಂದು ಒಗಟು ಬಿಡಿಸಿದವನ ನಗು. ಅದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿಯಿತು.

"ಮಾವನೋರ್ ಮುಂದೆ ಹೋಗಿ ನಂದೇ ತಪ್ಪು ಅಂತ ಹೇಗೆ ಹೇಳ್ಲಿ ಹೇಳು," ಎಂದ. "ಅಷ್ಟು ಮರ್ಯಾದೆ ಕೊಡ್ತಾರೆ. ನೀನಾದ್ರೆ ಮನೆ ಮಗಳು."

ಶುಕ್ರವಾರ ರಾಜೇಂದ್ರನ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕು, ನೀವೂ ಹೇಳಬೇಕು, ಅಪ್ಪನೂ ಹೇಳಬೇಕು ಎಂದಷ್ಟೇ ಹೇಳಿದಳು. ಹೇಳೋಣ ಬಿಡು ಎಂದು ಅವನು ಮಜ್ಜಿಗೆಗೆ ಕೈ ಚಾಚಿದ. ಮರುದಿನ ಅಪ್ಪನಿಗೂ ಹೇಳಿದಳು. ಅಪ್ಪ ಹಾಗೇ ಮಾಡೋಣ ಕಣಮ್ಮ ಎಂದ. ಮಾಡೋಣ, ಹೇಳೋಣ ಎಂಬ ಎರಡು ಮಾತನ್ನು ಅವಳು ನಂಬಿದಳು. ನಂಬಿದ್ದಕ್ಕೆ ಆಮೇಲೆ ತನ್ನ ಮೇಲೂ ಅವಳಿಗೆ ಹೇಸಿಗೆಯಾಯಿತು.

ವೈರನ್ನು ಅವಳೇ ಕಿತ್ತು ಕೆಂಪು ಬಾಗಿಲ ಕಡೆಗೆ ಬರುವ ಹಾಗೆ ಚುಚ್ಚಿದಳು. ಅಂಕಿಯನ್ನು ಸೊನ್ನೆಯಿಂದ ಒಂದು ಮಾಡಿದಳು. ಒಂದು ಚೌಕದ ಪರೀಕ್ಷೆಯನ್ನು ಮತ್ತೆ ಮಾಡಿ ನೋಡಿದಳು, ಎಡದ ಚೌಕಕ್ಕೆ ಬಲದ ಕೊಕ್ಕೆಯೇ ಎದ್ದಿತು. ತನ್ನ ಮೊದಲ ಗ್ರಾಫನ್ನು, ಒಂದು ಚೌಕವನ್ನೂ ಬದಲಿಸದೆ, ಬೋರ್ಡಿಗೆ ತುಂಬಿದಳು. ಮುನಿಸ್ವಾಮಿ ನೇಯ್ದ. ಶುಕ್ರವಾರ ರಾಜೇಂದ್ರನ ಎದುರಿಗೇ ಸೆರಗು ಕತ್ತರಿಸಿ ತಿರುವಿ ಹಾಸಿದರು. ಕೆಂಪು ಬಟ್ಟೆಯ ಮೇಲೆ ಜರಿಯಲ್ಲಿ ಶುಭಮಸ್ತು, ಎಡದಿಂದ ಬಲಕ್ಕೆ, ಒತ್ತು, ಕೊಂಬು, ತಲೆಕಟ್ಟು ಎಲ್ಲ ಇದ್ದಲ್ಲೇ ಇದ್ದವು.

ರಾಜೇಂದ್ರ ಬೆರಳಿನಿಂದ ಒಂದೊಂದೇ ಅಕ್ಷರ ಸವರಿ ನೋಡಿ ಭೇಷ್ ಎಂದ. ಅದು ಹೇಳಬೇಕಾದ ಗಳಿಗೆ. ಅರುಣಾ ಅಪ್ಪನ ಮುಖ ನೋಡಿದಳು. ಶರ್ಟು ಹಾಕಿಕೊಂಡಿದ್ದ ಮುನಿಸ್ವಾಮಿ ಗಂಟಲು ಸರಿಮಾಡಿಕೊಂಡು, ಎಲ್ಲ ನಮ್ಮ ಅಳಿಯಂದಿರ ತಲೆ, ಪಿನ್ನು ಹಿಡಿದು ಎಲ್ಲಿದೆ ತೊಂದರೆ ಅಂತ ಹುಡುಕಿ ತೆಗೆದುಬಿಟ್ಟರು ಎಂದ. ಛೆ ಛೆ, ಮಾವನವರ ಅನುಭವ ಇಲ್ಲದೆ ನಾನೇನು ಮಾಡುತ್ತಿದ್ದೆ ಎಂದು ಚೌಡೇಶ ವಿನಯ ತೋರಿಸಿದ. ಒಬ್ಬರ ಬೆನ್ನನ್ನು ಒಬ್ಬರು ಕೆರೆಯುತ್ತಾ ಇಬ್ಬರೂ ಹಾಯಾಗಿ ನಿಂತಿದ್ದರು. ರಾಜೇಂದ್ರ ಅರುಣಾಳ ಕಡೆ ತಿರುಗಿ, ದೊಡ್ಡ ಮನಸ್ಸಿನಿಂದ, ಎಲ್ಲರಿಗೂ ಒಂದೊಂದು ಸಲ ತಪ್ಪಾಗುತ್ತೆ ಕಣಮ್ಮ, ಬೇಜಾರು ಮಾಡ್ಕೋಬೇಡ, ಗ್ರಾಫು ಇನ್ನು ಮುಂದೆಯೂ ನಿನ್ನ ಹತ್ತಿರವೇ ಬರೆಸ್ತೀನಿ, ಸ್ವಲ್ಪ ಹುಷಾರಾಗಿ ಬರಿ ಎಂದ.

ಕ್ಷಮೆ ಸಿಕ್ಕಿತ್ತು. ಮಾಡದ ತಪ್ಪಿಗೆ ಕ್ಷಮೆ. ಅವಳ ಕೆಲಸ ಅವಳಿಗೆ ಉಳಿದಿತ್ತು, ತಲೆ ತಗ್ಗಿಸಿ ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಗಲಕ್ಷ್ಮಮ್ಮ ಒಳಗಿನಿಂದ ಕಾಫಿಯ ತಟ್ಟೆ ತಂದು ಇಡುತ್ತಾ ಮಗಳಿಗೆ ಕಣ್ಣಿನಲ್ಲೇ ಬೇಡ ಬೇಡ ಎಂದಳು. ಅರುಣಾ ಮಾತ್ರ ಎದ್ದು ಬೋರ್ಡಿನ ಹತ್ತಿರ ಹೋದಳು. ಹಳೆಯ ಗ್ರಾಫನ್ನು ತೆಗೆದು ರಾಜೇಂದ್ರನ ಮುಂದೆ ಬಿಚ್ಚಿದಳು. ಇದು ನಾನು ಮೊದಲ ದಿನ ಬರೆದದ್ದು, ಈ ಸೆರಗು ನೇಯ್ದದ್ದೂ ಇದರಲ್ಲೇ ಎಂದಳು. ವೈರು ತಿರುಗಿಸಿದ್ದು ಯಾರು, ಅಂಕಿ ತಿರುಗಿಸಿದ್ದು ಯಾರು, ಮೊದಲು ದಿಕ್ಕು ತಪ್ಪಿಸಿದ್ದು ಯಾರು ಎಂದು ಒಂದೊಂದಾಗಿ ಹೇಳಿದಳು. ರಾಜೇಂದ್ರ ಇಕ್ಕಟ್ಟಿಗೆ ಸಿಕ್ಕಿ ಕೆಮ್ಮಿದ. ಹೋಗಲಿ ಬಿಡಮ್ಮ, ಮನೆ ಮಾತು ಎಂದ. ಗಂಡಸರ ಮಾನ ಹೋಗುವ ಕಡೆ ಮೂರನೆಯ ಗಂಡಸೂ ಹೀಗೆ ಮುಖ ಆಚೆ ತಿರುಗಿಸುತ್ತಾನೆ ಎಂದು ಅವಳು ಎಣಿಸಿರಲಿಲ್ಲ.

"ಮನೆ ಮಾತಲ್ಲ ಸಾರ್, ಮಗ್ಗದ ಮಾತು," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ ಗಂಡನತ್ತ ಕೈ ತೋರಿಸಿದಳು. "ಅಪ್ಪ, ಇವ್ರಿಗೆ ಒಂದ್ಮಾತು ಹೇಳು. ನೀವು ತಪ್ಪು ಮಾಡಿದ್ರಿ ಅಂತ. ಅಷ್ಟೇ ಸಾಕು ನಂಗೆ. ಈ ಮಗ್ಗಕ್ಕೆ ಎಷ್ಟು ಹೆಸ್ರು ಬೇಕಾದ್ರೂ ಬರ್ಕೊಡ್ತೀನಿ."

ಮುನಿಸ್ವಾಮಿ ಮಗಳನ್ನು ನೋಡಿದ. ಅವಳ ಕಣ್ಣಿನಲ್ಲಿ ಏನು ಕಂಡಿತೋ, ನಿಜವಾಗಿಯೂ ಹೇಳುವವನಂತೆ ಅಳಿಯನ ಕಡೆ ತಿರುಗಿ ಒಂದು ಹೆಜ್ಜೆ ಮುಂದೆ ಬಂದ. ಚೌಡೇಶ ತಲೆ ಎತ್ತಿದ. ಎಲ್ಲರೂ ಕಾದರು.

"ಅಳಿಯಂದ್ರೇ," ಎಂದ ಮುನಿಸ್ವಾಮಿ. ಮತ್ತೆ ಅಳಿಯಂದ್ರೇ ಎಂದ. ಆಮೇಲೆ ಬಗ್ಗಿ ತಟ್ಟೆಯಿಂದ ಒಂದು ಲೋಟ ಎತ್ತಿ ಎರಡು ಕೈಯಲ್ಲಿ ಹಿಡಿದು ಮುಂದೆ ಚಾಚಿದ. "ಕಾಫಿ ಆರ್‍ಹೋಗುತ್ತೆ, ತಗೊಳ್ಳಿ."

ಚೌಡೇಶ ತೆಗೆದುಕೊಂಡ. ತೆಗೆದುಕೊಂಡು ಒಂದು ಗುಟುಕು ಕುಡಿದೂಬಿಟ್ಟ.

ಅರುಣಾ ಹಾಸಿದ್ದ ಗ್ರಾಫನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಬೋರ್ಡಿನ ಗುಂಡಿ ಒತ್ತಿ ತಾನು ತುಂಬಿದ್ದ ಅಂಕಿಗಳನ್ನೆಲ್ಲ ಅಳಿಸಿದಳು, ಶುಭಮಸ್ತು ಹೋಗಿ ಕೆಂಪು ಸೊನ್ನೆಗಳು ಸಾಲಾಗಿ ನಿಂತವು. ರಟ್ಟಿನ ಜಕಾರ್ಡು ಇರುವ ಬೇರೆ ಯಾರ ಮಗ್ಗಕ್ಕಾದರೂ ಕೆಲಸ ಕೊಡಿ ಸಾರ್, ಗ್ರಾಫು ಅಲ್ಲಿಗೆ ತಂದುಕೊಡ್ತೀನಿ, ಈ ಮಗ್ಗಕ್ಕೆ ಬೆಂಗಳೂರಿನವನ ಹತ್ತಿರ ಬರೆಸಿಕೊಳ್ಳಿ ಎಂದು ರಾಜೇಂದ್ರನಿಗೆ ಹೇಳಿ ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಹೊರಟೆ, ಅಳಿಯಂದಿರ ಊಟ ಆಗಿಲ್ಲ ಎಂದು ತಾಯಿ ಕೂಗಿದಳು.

"ಅವ್ರಿಗೆ ಅಪ್ಪ ಬಡಿಸ್ತಾನೆ," ಎಂದು ಹೇಳಿ ಅವಳು ಬೀದಿಗೆ ಇಳಿದಳು.